ಅಲ್ಪಪ್ರಸಿದ್ಧ ಕ್ರಿಪ್ಟೋ ನಾಣ್ಯಗಳು: ಉದ್ದೇಶಗಳ ತೌಲನಿಕ ಸಮೀಕ್ಷೆ

ಸರ್ಕಾರದ ಮುದ್ರೆಯಾಗಲಿ ಬ್ಯಾಂಕಿನ ಹೊಣೆಯಾಗಲಿ ಇಲ್ಲದೆ, ಗೂಢಲಿಪಿಯ ಗಣಿತವನ್ನೂ ಅಸಂಖ್ಯ ಗಣಕಗಳಲ್ಲಿ ಏಕಕಾಲಕ್ಕೆ ರಕ್ಷಿತವಾಗಿರುವ ಒಂದೇ ಲೆಕ್ಕಪುಸ್ತಕವನ್ನೂ ಆಧರಿಸಿ ಚಲಾವಣೆಯಾಗುವ ವಿದ್ಯುನ್ಮಾನ ನಾಣ್ಯಗಳಲ್ಲಿ, ಬಿಟ್‌ಕಾಯಿನ್ ಮತ್ತು ಈಥರ್ ಎಂಬ ಎರಡು ಪ್ರಸಿದ್ಧ ನಾಣ್ಯಗಳನ್ನು ಬಿಟ್ಟು, ಒಂದೊಂದು ನಿರ್ದಿಷ್ಟ ಕಾರ್ಯವನ್ನು ಉದ್ದೇಶಿಸಿ ಹುಟ್ಟಿದ ಕಿರುನಾಣ್ಯಗಳ ಸಮುದಾಯ. ಇವುಗಳ ಸಂಖ್ಯೆ ಸಾವಿರಗಳನ್ನು ಮೀರಿದೆ. ಅವುಗಳಲ್ಲಿ ಬಹುಪಾಲು ಕೇವಲ ಲಾಭದಾಸೆಯಿಂದ ಹುಟ್ಟಿ ಕೆಲವೇ ತಿಂಗಳುಗಳಲ್ಲಿ ಅಳಿದುಹೋದಂಥವು. ಆದಕಾರಣ ಇಲ್ಲಿ, ಸ್ಪಷ್ಟವಾದ ಉದ್ದೇಶವುಳ್ಳ ಕೆಲವನ್ನು ಮಾತ್ರ ಆರಿಸಿಕೊಂಡು, ಆ ನಾಣ್ಯದಿಂದ ಯಾವ ಕೆಲಸ ಕೊಳ್ಳಲ್ಪಡುತ್ತದೆ, ಆ ಕೆಲಸ ನಡೆಯಿತೆಂಬುದಕ್ಕೆ ಸಾಕ್ಷಿ ಯಾರು, ಅದಕ್ಕಾಗಿ ಪ್ರತ್ಯೇಕ ನಾಣ್ಯವೇ ಬೇಕಾಗಿತ್ತೆ ಎಂಬ ಮೂರು ದೃಷ್ಟಿಗಳಿಂದ ಅವುಗಳನ್ನು ಹೋಲಿಸಿ ನೋಡಲಾಗಿದೆ.

ಮೂಲತತ್ತ್ವ

ರಾಜಾಜಿನಗರ, ವಿಜಯನಗರ ಮೊದಲಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ನೆರೆಹೊರೆಯವರು ಕೂಡಿ ನಡೆಸುವ ಚೀಟಿ ವ್ಯವಹಾರದಲ್ಲಿ, ತಿಂಗಳ ಕಂತನ್ನು ಯಾರು ಕಟ್ಟಿದರು, ಚೀಟಿಯನ್ನು ಯಾರು ಎಷ್ಟಕ್ಕೆ ಕೂಗಿ ಎತ್ತಿದರು ಎಂಬ ಲೆಕ್ಕವೆಲ್ಲ ಚೀಟಿ ನಡೆಸುವವರ ಪುಸ್ತಕದಲ್ಲಿರುತ್ತದೆ. ಅವರು ಪ್ರಾಮಾಣಿಕರಾಗಿರುವಷ್ಟು ಕಾಲ ವ್ಯವಹಾರ ನಿರಾತಂಕವಾಗಿ ಸಾಗುತ್ತದೆ, ಅವರು ಊರು ಬಿಟ್ಟರೆ ಪುಸ್ತಕವೂ ಹಣವೂ ಒಟ್ಟಿಗೆ ಮಾಯವಾಗುತ್ತವೆ. ಆ ಪುಸ್ತಕದ ಒಂದೊಂದು ಪ್ರತಿಯನ್ನು ಸದಸ್ಯರೆಲ್ಲರೂ ಇಟ್ಟುಕೊಂಡು, ಎಲ್ಲ ಪ್ರತಿಗಳೂ ಪರಸ್ಪರ ಹೊಂದಿಕೆಯಾದ ಹೊರತು ಹೊಸದೊಂದು ಸಾಲನ್ನು ಬರೆಯಲಾಗದೆಂಬ ನಿಯಮವನ್ನು ಸ್ಥಾಪಿಸಿದರೆ, ನಡೆಸುವವರೆಂಬ ವ್ಯಕ್ತಿಯ ಮೇಲಣ ನಂಬಿಕೆಯೇ ಅನಾವಶ್ಯಕವಾಗುವುದು. ಬ್ಲಾಕ್‌ಚೈನ್ ಎಂಬ ಲೆಕ್ಕಪುಸ್ತಕದ ಸಾರ ಇಷ್ಟೇ. ಸತೋಶಿ ನಕಮೋಟೋ ಎಂಬ ಗುಪ್ತನಾಮದಿಂದ ಅಕ್ಟೋಬರ್ 2008ರಲ್ಲಿ ಪ್ರಕಟವಾದ ಪ್ರಬಂಧವು ಇದನ್ನು ಪ್ರತಿಪಾದಿಸಿತು. 2009ರ ಜನವರಿ 3ರಂದು ಬಿಟ್‌ಕಾಯಿನ್ನಿನ ಮೊದಲ ಪುಟ ಬರೆಯಲ್ಪಟ್ಟಿತು.

ಪರಸ್ಪರ ಅಪರಿಚಿತರಾದ ಸಹಸ್ರಾರು ಮಂದಿಯಲ್ಲಿ ಮುಂದಿನ ಪುಟವನ್ನು ಬರೆಯುವ ಅಧಿಕಾರ ಯಾರದೆಂಬುದೇ ಇಲ್ಲಿನ ಮುಖ್ಯ ಸಮಸ್ಯೆ. ಬಿಟ್‌ಕಾಯಿನ್ನಿನಲ್ಲಿ ಕಠಿನವಾದ ಸಂಖ್ಯಾಸಮಸ್ಯೆಯೊಂದನ್ನು ಊಹೆಯ ಮೇಲೆ ಊಹೆ ಮಾಡಿ ಮೊದಲು ಬಿಡಿಸಿದವರಿಗೆ ಆ ಅಧಿಕಾರವೂ ಹೊಸ ನಾಣ್ಯಗಳ ಬಹುಮಾನವೂ ಸಲ್ಲುತ್ತವೆ. ಇದನ್ನು ಮೈನಿಂಗ್ ಎನ್ನುತ್ತಾರೆ. ಹೀಗೆ ವ್ಯಯವಾಗುವ ವಿದ್ಯುಚ್ಛಕ್ತಿಯು ಅಪಾರವಾದುದರಿಂದ, 2012ರ ಆಗಸ್ಟ್‌ನಲ್ಲಿ ಹುಟ್ಟಿದ ಪಿಯರ್‌ಕಾಯಿನ್, ನಾಣ್ಯವನ್ನು ಪಣವಾಗಿಟ್ಟವರಿಗೆ ಅವರ ಪಣಕ್ಕೆ ಅನುಗುಣವಾಗಿ ಬರೆಯುವ ಅವಕಾಶ ಕೊಡುವ ಇನ್ನೊಂದು ಮಾರ್ಗವನ್ನು ತೋರಿಸಿತು. ಇಂದು ಪಿಯರ್‌ಕಾಯಿನ್ನಿನ ಹೆಸರು ಬಲ್ಲವರು ವಿರಳ. ಆದರೆ ಅದು ತೋರಿದ ದಾರಿಯ ಪರಿಷ್ಕೃತ ರೂಪವನ್ನೇ ಹಿಡಿದು ಈಥರ್ ನಾಣ್ಯದ ಈಥರಿಯಮ್ ಜಾಲವು 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನು ಸಂಪೂರ್ಣವಾಗಿ ತ್ಯಜಿಸಿ, ತನ್ನ ವಿದ್ಯುತ್ ವೆಚ್ಚವನ್ನು ಶೇಕಡ 99ಕ್ಕೂ ಮಿಗಿಲಾಗಿ ಇಳಿಸಿಕೊಂಡಿತು. ಅಲ್ಪಪ್ರಸಿದ್ಧ ನಾಣ್ಯಗಳಲ್ಲಿ ಕೆಲವು ಸ್ವತಃ ಬಾಳದಿದ್ದರೂ ತಮ್ಮ ತತ್ತ್ವವನ್ನು ಅನ್ಯರಿಗೆ ಬಿಟ್ಟುಹೋದುವೆಂಬುದಕ್ಕೆ ಇದು ನಿದರ್ಶನ.

ಹೆಸರಿನ ನೋಂದಣಿ, ಗಣಿತ, ವಿಜ್ಞಾನ

ನೇಮ್‌ಕಾಯಿನ್ (2011) ಬಿಟ್‌ಕಾಯಿನ್ನಿನ ತಂತ್ರಾಂಶದಿಂದ ಕವಲೊಡೆದ ಮೊದಲ ನಾಣ್ಯ. ಅಂತರ್ಜಾಲದ ವಿಳಾಸಗಳನ್ನು ದಾಖಲಿಸುವ ಅಧಿಕಾರವು ಕೆಲವೇ ಸಂಸ್ಥೆಗಳ ಕೈಯಲ್ಲಿರುವುದರಿಂದ ಆ ಸಂಸ್ಥೆಗಳೂ ಅವುಗಳ ಮೇಲಣ ಸರ್ಕಾರಗಳೂ ಬೇಡವಾದ ವಿಳಾಸವನ್ನು ಅಳಿಸಿಬಿಡಬಲ್ಲವೆಂಬ ಆತಂಕದಿಂದ, ಯಾರೂ ಅಳಿಸಲಾಗದ ಹೆಸರಿನ ಪಟ್ಟಿಯೊಂದನ್ನು ಬ್ಲಾಕ್‌ಚೈನ್ ಮೇಲೆ ನಿರ್ಮಿಸುವುದು ಇದರ ಗುರಿಯಾಗಿತ್ತು. ತಾಂತ್ರಿಕವಾಗಿ ಈ ಕಾರ್ಯ ನಿರ್ದುಷ್ಟವಾಗಿ ನೆರವೇರಿತು. ಆದರೆ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪರಿಶೀಲಿಸಿದಾಗ, ನೋಂದಾಯಿತವಾದ ಸುಮಾರು 1,20,000 ಹೆಸರುಗಳಲ್ಲಿ ನಿಜವಾಗಿ ಬಳಕೆಯಲ್ಲಿದ್ದುವು 28 ಮಾತ್ರ. ಮುಂದೆ ಮಾರಿಕೊಳ್ಳಬಹುದೆಂಬ ಆಸೆಯಿಂದ ಹೆಸರುಗಳನ್ನು ಹಿಡಿದಿಟ್ಟವರೇ ಮಿಕ್ಕವರೆಲ್ಲ.

ಮೈನಿಂಗಿನ ಶ್ರಮದಿಂದ ಜ್ಞಾನಕ್ಕೇನಾದರೂ ಪ್ರಯೋಜನವಾಗಲೆಂಬ ಆಶಯದಿಂದ 2013ರ ಜುಲೈನಲ್ಲಿ ಪ್ರೈಮ್‌ಕಾಯಿನ್ ಪ್ರಾರಂಭವಾಯಿತು. ಪಿಯರ್‌ಕಾಯಿನ್ನನ್ನು ರಚಿಸಿದವರಲ್ಲೊಬ್ಬನಾದ ಸನ್ನಿ ಕಿಂಗ್ ಎಂಬ ಗುಪ್ತನಾಮಧಾರಿಯೇ ಇದರ ಕರ್ತೃ. ಇದರಲ್ಲಿ ನಿರರ್ಥಕ ಊಹೆಗೆ ಬದಲಾಗಿ ಅವಿಭಾಜ್ಯ ಸಂಖ್ಯೆಗಳ ಸರಪಳಿಗಳನ್ನು ಹುಡುಕಬೇಕು: ಒಂದು ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕೂಡಿಸಿದರೆ ಮುಂದಿನದು ದೊರೆಯುವಂತೆ 2, 5, 11, 23, 47 ಎಂಬ ಐದು ಸಂಖ್ಯೆಗಳು ಅಂಥದೊಂದು ಸರಪಳಿಯಾಗುತ್ತವೆ; ಆರನೆಯದಾದ 95 ಐದರಿಂದ ಭಾಗಿಸಲ್ಪಡುವುದರಿಂದ ಸರಪಳಿ ಅಲ್ಲಿಗೆ ಕಡಿಯುತ್ತದೆ. ಬೃಹತ್ಸಂಖ್ಯೆಗಳಲ್ಲಿ ಇಂಥ ಸರಪಳಿಗಳನ್ನು ಶೋಧಿಸುವುದು ಕಷ್ಟ, ಶೋಧಿಸಿದ್ದನ್ನು ಪರೀಕ್ಷಿಸುವುದು ಸುಲಭ. ಈ ಗುಣವೇ ಅದನ್ನು ನಾಣ್ಯಕ್ಕೆ ತಕ್ಕದ್ದನ್ನಾಗಿ ಮಾಡಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಹುಟ್ಟಿದ ಗ್ರಿಡ್‌ಕಾಯಿನ್ ಇನ್ನೂ ಮುಂದೆ ಹೋಗಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ರೂಪುಗೊಂಡ ಬಾಯಿಂಕ್ ಎಂಬ ವ್ಯವಸ್ಥೆಯ ಮೂಲಕ ಮನೆಯ ಗಣಕದ ಬಿಡುವಿನ ಶಕ್ತಿಯನ್ನು ಖಗೋಳ, ಪ್ರೋಟೀನ್ ರಚನೆ ಮುಂತಾದ ಸಂಶೋಧನೆಗಳಿಗೆ ದಾನಮಾಡುವವರಿಗೆ ನಾಣ್ಯರೂಪದ ಗೌರವಧನವನ್ನು ಕೊಡುತ್ತದೆ. ಉದ್ದೇಶದಲ್ಲಿ ಇದು ಪ್ರೈಮ್‌ಕಾಯಿನ್ನಿಗಿಂತ ಉನ್ನತವೆಂದು ತೋರಿದರೂ, ಯಾರೆಷ್ಟು ಕೆಲಸ ಮಾಡಿದರೆಂಬುದನ್ನು ಆಯಾ ಸಂಶೋಧನಾ ಯೋಜನೆಗಳ ಗಣಕಗಳು ನೀಡುವ ಅಂಕಪಟ್ಟಿಯಿಂದಲೇ ತಿಳಿಯಬೇಕು. ಪ್ರೈಮ್‌ಕಾಯಿನ್ನಿನ ಸಂಖ್ಯೆಗೆ ಯಾರ ಸಾಕ್ಷ್ಯವೂ ಬೇಡ. ಗ್ರಿಡ್‌ಕಾಯಿನ್ನಿನ ಅಂಕಕ್ಕೆ ಬೇಕು. ಈ ಭೇದವೇ ಮುಂದೆ ಬರತಕ್ಕ ನಾಣ್ಯಗಳನ್ನೆಲ್ಲ ವಿಂಗಡಿಸಲು ಆಧಾರವಾಗುತ್ತದೆ.

ಸಂಗ್ರಹಣೆ, ಜಾಲ, ವಾರ್ತೆ

ಫೈಲ್‌ಕಾಯಿನ್ ನಾಣ್ಯದ ಮಾರಾಟ 2017ರಲ್ಲಿಯೇ ನಡೆದಿತ್ತಾದರೂ ಜಾಲವು ಕಾರ್ಯಾರಂಭ ಮಾಡಿದುದು ಅಕ್ಟೋಬರ್ 2020ರಲ್ಲಿ. ತಮ್ಮ ಗಣಕಗಳಲ್ಲಿ ಖಾಲಿ ಇರುವ ಜಾಗವನ್ನು ಅನ್ಯರ ಕಡತಗಳಿಗೆ ಬಾಡಿಗೆಗೆ ಕೊಡುವವರಿಗೆ ಈ ನಾಣ್ಯ ಸಲ್ಲುತ್ತದೆ. ಕಡತವನ್ನು ನಿಜವಾಗಿ ಇಟ್ಟುಕೊಂಡಿದ್ದಾರೆಂಬುದನ್ನು ಅವರು ಗಣಿತದ ಪ್ರಮಾಣದಿಂದ ಪದೇಪದೇ ತೋರಿಸಬೇಕು, ತಪ್ಪಿದರೆ ಒತ್ತೆಯಿಟ್ಟ ನಾಣ್ಯದಲ್ಲಿ ದಂಡ ತೆರಬೇಕು. ಆರ್‌ವೀವ್ (2018) ಇದಕ್ಕಿಂತ ಭಿನ್ನವಾಗಿ, ಒಮ್ಮೆ ಹಣ ತೆತ್ತರೆ ಕಡತವನ್ನು ಶಾಶ್ವತವಾಗಿ ಕಾಪಾಡುವೆನೆನ್ನುತ್ತದೆ; ತೆತ್ತ ಹಣದ ಬಹುಭಾಗವು ದತ್ತಿಯಂತೆ ಕೂಡಿಡಲ್ಪಟ್ಟು, ಸಂಗ್ರಹಣೆಯ ವೆಚ್ಚ ಕಾಲಕ್ರಮದಲ್ಲಿ ಇಳಿಯುವುದೆಂಬ ನಿರೀಕ್ಷೆಯ ಮೇಲೆ ಈ ಭರವಸೆ ನಿಂತಿದೆ. ಬ್ರಾಮ್ ಕೊಹೆನ್ ಸ್ಥಾಪಿಸಿದ ಚಿಯಾ (2021) ಮಾತ್ರ ಬೇರೆ ಬಗೆಯದು: ಅದು ಕಡತವನ್ನಿಡುವುದಿಲ್ಲ, ಖಾಲಿ ಜಾಗವನ್ನೇ ಪಣವಾಗಿ ಬಳಸುತ್ತದೆ, ಅದರ ದೆಸೆಯಿಂದ ಆ ವರ್ಷ ಹಾರ್ಡ್ ಡಿಸ್ಕುಗಳಿಗೆ ಕೆಲವು ದೇಶಗಳಲ್ಲಿ ಅಭಾವವುಂಟಾಯಿತು.

ಹೀಲಿಯಮ್ (2019) ಎಂಬುದು ನಿಸ್ತಂತು ಜಾಲವನ್ನು ಜನರಿಂದಲೇ ಕಟ್ಟಿಸುವ ಪ್ರಯತ್ನ. ಮನೆಯ ಕಿಟಕಿಯಲ್ಲೊಂದು ಚಿಕ್ಕ ರೇಡಿಯೋ ಪೆಟ್ಟಿಗೆಯನ್ನಿಟ್ಟು, ನೀರಿನ ಮೀಟರು, ತಾಪಮಾಪಕ ಮೊದಲಾದ ಅಲ್ಪವಾರ್ತೆಯ ಉಪಕರಣಗಳಿಗೆ ಸಂಪರ್ಕವೊದಗಿಸಿದವರಿಗೆ ಅದು ನಾಣ್ಯವನ್ನು ನೀಡಿತು. ಪೆಟ್ಟಿಗೆಗಳು ಲಕ್ಷಗಟ್ಟಲೆ ಸ್ಥಾಪಿತವಾದುವು. ಆದರೆ ಅವುಗಳನ್ನು ಬಳಸುವ ಗ್ರಾಹಕರು ಆ ಪ್ರಮಾಣದಲ್ಲಿ ಬರಲಿಲ್ಲ. ಏಪ್ರಿಲ್ 2023ರಲ್ಲಿ ಅದು ತನ್ನ ಸ್ವಂತ ಬ್ಲಾಕ್‌ಚೈನನ್ನು ಬಿಟ್ಟು ಸೊಲಾನಾ ಎಂಬ ಇನ್ನೊಂದು ಜಾಲವನ್ನಾಶ್ರಯಿಸಿತು.

ಚೈನ್‌ಲಿಂಕ್ (2017) ಹೊರಜಗತ್ತಿನ ವಾರ್ತೆಯನ್ನು ಲೆಕ್ಕಪುಸ್ತಕದೊಳಕ್ಕೆ ತಂದುಕೊಡುವವರಿಗೆ ಸಲ್ಲುವ ನಾಣ್ಯ. ಇದರ ಅಗತ್ಯವನ್ನು ಉದಾಹರಣೆಯಿಂದ ತಿಳಿಯಬಹುದು. ನಿಯಮಿತ ಅವಧಿಯಲ್ಲಿ ಇಂತಿಷ್ಟು ಮಿಲಿಮೀಟರು ಮಳೆ ಬೀಳದಿದ್ದರೆ ರೈತನಿಗೆ ವಿಮೆಯ ಹಣ ತಾನಾಗಿಯೇ ಸಂದಾಯವಾಗಬೇಕೆಂಬ ಒಪ್ಪಂದವನ್ನು ಬ್ಲಾಕ್‌ಚೈನ್ ಮೇಲೆ ಬರೆಯಬಹುದು. ಆದರೆ ಮಳೆ ಬಿದ್ದಿತೋ ಇಲ್ಲವೋ ಎಂಬುದು ಲೆಕ್ಕಪುಸ್ತಕಕ್ಕೆ ತಿಳಿಯುವ ವಿಷಯವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ ಮಳೆಮಾಪಕಗಳಂಥ ಸಾಧನಗಳ ಅಂಕಿಗಳನ್ನು ಯಾರಾದರೂ ಒಳತರಬೇಕು. ಅನೇಕರು ತಂದ ವಾರ್ತೆಯನ್ನು ಹೋಲಿಸಿ ನೋಡಿ, ನಿಯತವಾಗಿ ತಂದವರಿಗೆ ಸಂಭಾವನೆ ಕೊಡುವುದು ಚೈನ್‌ಲಿಂಕ್‌ನ ಕ್ರಮ. ಜಾಹೀರಾತನ್ನು ನೋಡುವವರ ಗಮನಕ್ಕೇ ಬೆಲೆ ಕಟ್ಟುವ ಬೇಸಿಕ್ ಅಟೆನ್ಷನ್ ಟೋಕನ್ ಇನ್ನೊಂದು ಬಗೆಯದು. ಬ್ರೇವ್ ಎಂಬ ಬ್ರೌಸರಿಗೆ ಸೇರಿದ ಈ ನಾಣ್ಯವು ಮೇ 2017ರಲ್ಲಿ ಮಾರಾಟಕ್ಕೆ ಬಂದಾಗ ಅರ್ಧ ನಿಮಿಷದೊಳಗೆ ಸುಮಾರು 3 ಕೋಟಿ 50 ಲಕ್ಷ ಡಾಲರುಗಳನ್ನು ಸಂಗ್ರಹಿಸಿತು.

ಗೋಪ್ಯತೆ ಮತ್ತು ಹಣರವಾನೆ

ಬಿಟ್‌ಕಾಯಿನ್ನಿನ ಲೆಕ್ಕಪುಸ್ತಕವು ಬಹಿರಂಗವಾದುದರಿಂದ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತೆಂಬುದನ್ನು ಯಾರು ಬೇಕಾದರೂ ನೋಡಬಹುದು. ಇದನ್ನು ಮರೆಮಾಚುವುದಕ್ಕಾಗಿ ಹುಟ್ಟಿದುವು ಡ್ಯಾಶ್ (2014), ಮೊನೆರೋ (2014), ಝೀಕ್ಯಾಶ್ (2016) ಮೊದಲಾದುವು. ಮೊನೆರೋ ಕೊಡುವವರ ಸಹಿಯನ್ನು ಇತರರ ಗುರುತುಗಳೊಡನೆ ಬೆರೆಸಿ, ಪಡೆಯುವವರಿಗೆ ಒಂದೊಂದು ಸಲಕ್ಕೂ ಹೊಸ ವಿಳಾಸವನ್ನು ಕಲ್ಪಿಸಿ, 2017ರಿಂದೀಚೆಗೆ ಮೊತ್ತವನ್ನೂ ಮುಚ್ಚುತ್ತದೆ. ಝೀಕ್ಯಾಶ್ ಗುಟ್ಟನ್ನು ಬಯಲುಮಾಡದೆಯೇ ಲೆಕ್ಕ ಸರಿಯೆಂದು ಸಿದ್ಧಪಡಿಸುವ ಗಣಿತ ಪ್ರಮಾಣವನ್ನು ಬಳಸುತ್ತದೆ, ಆದರೆ ಮುಚ್ಚುವುದು ಬಿಡುವುದು ಬಳಸುವವರ ಇಚ್ಛೆ. ತನ್ನ ಆದಾಯವ್ಯಯಗಳು ಪರರ ಕಣ್ಣಿಗೆ ಬೀಳಬಾರದೆಂಬುದು ಗೃಹಸ್ಥನ ಸಹಜವಾದ ಅಪೇಕ್ಷೆ. ಅದೇ ಮರೆ ಅಪರಾಧಿಗೂ ಒದಗುವುದರಿಂದ 2018ರಲ್ಲಿ ಜಪಾನಿನ ವಿನಿಮಯ ಕೇಂದ್ರಗಳು ಈ ಮೂರನ್ನೂ ಕೈಬಿಡತೊಡಗಿದುವು.

ಶೀಘ್ರವಾದ ಹಣರವಾನೆಯನ್ನು ಉದ್ದೇಶಿಸಿದುವುಗಳಲ್ಲಿ ನ್ಯಾನೋ ಮತ್ತು ಸ್ಟೆಲರ್ ಗಮನಾರ್ಹ. 2015ರಲ್ಲಿ ರೈಬ್ಲಾಕ್ಸ್ ಎಂಬ ಹೆಸರಿನಿಂದ ಹುಟ್ಟಿ 2018ರಲ್ಲಿ ನಾಮಾಂತರ ಹೊಂದಿದ ನ್ಯಾನೋದಲ್ಲಿ ಪ್ರತಿಯೊಂದು ಖಾತೆಗೂ ಅದರದೇ ಆದ ಸರಪಳಿಯುಂಟು, ರವಾನೆಗೆ ಶುಲ್ಕವಿಲ್ಲ. ಸ್ಟೆಲರ್ (2014) ನಾಣ್ಯವನ್ನು ಗುರಿಯೆಂದೆಣಿಸದೆ, ಒಂದು ದೇಶದ ಹಣವನ್ನು ಇನ್ನೊಂದು ದೇಶದ ಹಣಕ್ಕೆ ಬದಲಿಸುವ ನಡುವಣ ಸೇತುವೆಯಾಗಿ ಬಳಸುತ್ತದೆ. ಬಸವೇಶ್ವರನಗರದ ಮನೆಯೊಂದಕ್ಕೆ ಮೆಲ್ಬರ್ನಿನಿಂದಲೋ ಡಲ್ಲಾಸಿನಿಂದಲೋ ಮಗಳು ಹಣ ಕಳುಹಿಸುವಾಗ ಇಂಥ ಸೇತುವೆಯು ಖರ್ಚನ್ನು ತಗ್ಗಿಸಬಹುದೆಂಬುದು ತತ್ತ್ವತಃ ನಿಜ; ಆದರೆ ಬಂದ ನಾಣ್ಯವನ್ನು ರೂಪಾಯಿಯನ್ನಾಗಿ ಮಾಡಿಕೊಳ್ಳುವ ಹಂತದಲ್ಲಿ ವಿನಿಮಯ ಕೇಂದ್ರದ ಶುಲ್ಕವೂ ಮೂಲದಲ್ಲಿ ಮುರಿದುಕೊಳ್ಳುವ ತೆರಿಗೆಯೂ ಎದುರಾಗುವುದರಿಂದ, ಉಳಿತಾಯವು ಬಹಳಮಟ್ಟಿಗೆ ಅಲ್ಲಿಯೇ ಕರಗುತ್ತದೆ. ಊರೊಳಗಿನ ಪಾವತಿಗಾದರೋ ಯು.ಪಿ.ಐ. ಇರುವುದರಿಂದ ನ್ಯಾನೋದಂಥ ನಾಣ್ಯಕ್ಕೆ ವಿಜಯನಗರದ ಅಂಗಡಿಬೀದಿಯಲ್ಲಿ ಕೆಲಸವೇ ಇಲ್ಲ.

ಸಮುದಾಯ, ರಾಷ್ಟ್ರ, ಸೂರ್ಯ

ಅರೋರಾಕಾಯಿನ್ ಐಸ್‌ಲೆಂಡಿನ ಪ್ರಜೆಗಳೆಲ್ಲರಿಗೂ ಉಚಿತವಾಗಿ ಹಂಚಲು ಉದ್ದೇಶಿಸಿದ ನಾಣ್ಯ. 2008ರ ಬ್ಯಾಂಕ್ ಕುಸಿತದ ಬಳಿಕ ಆ ದೇಶದಲ್ಲಿ ಜಾರಿಯಲ್ಲಿದ್ದ ವಿದೇಶೀ ವಿನಿಮಯ ನಿರ್ಬಂಧಕ್ಕೆ ಉತ್ತರವಾಗಿ, 2014ರ ಮಾರ್ಚ್ 25ರಿಂದ ತಲೆಗೆ 31.8ರಂತೆ ನಾಣ್ಯಗಳನ್ನು ಕೊಡಲು ತೊಡಗಿದರು. ಪುಕ್ಕಟೆಯಾಗಿ ಪಡೆದವರು ಕೂಡಲೆ ಮಾರತೊಡಗಿದ್ದರಿಂದ ಬೆಲೆ ಕುಸಿಯಿತು. ಸರ್ಕಾರವನ್ನು ಮೀರಬೇಕೆಂದು ಹೊರಟ ಈ ನಾಣ್ಯವು ಪ್ರಜೆಯಾರೆಂದು ಗುರುತಿಸಲು ಸರ್ಕಾರದ ಗುರುತಿನ ಸಂಖ್ಯೆಯನ್ನೇ ಅವಲಂಬಿಸಬೇಕಾಯಿತು. ವೆನಿಜುವೆಲ ಸರ್ಕಾರವೇ 2018ರಲ್ಲಿ ತನ್ನ ತೈಲನಿಕ್ಷೇಪದ ಆಧಾರದ ಮೇಲೆ ಹೊರಡಿಸಿದ ಪೆಟ್ರೋ, ಜನರ ವಿಶ್ವಾಸವನ್ನು ಗಳಿಸಲಾರದೆ ಜನವರಿ 2024ರಲ್ಲಿ ನಿಂತುಹೋಯಿತು. ಜುಲೈ 2023ರಲ್ಲಿ ಚಲಾವಣೆಗೆ ಬಂದ ವರ್ಲ್ಡ್‌ಕಾಯಿನ್ ಕಣ್ಣಿನ ಪಾಪೆಯ ಚಿತ್ರ ತೆಗೆದು, ಒಬ್ಬ ಮನುಷ್ಯನಿಗೆ ಒಂದೇ ಗುರುತು ಎಂಬುದನ್ನು ಸ್ಥಾಪಿಸಲು ಯತ್ನಿಸುತ್ತದೆ. ಅದರ ಗೋಳಾಕಾರದ ಯಂತ್ರಗಳು ಬೆಂಗಳೂರಿನಲ್ಲಿಯೂ ಕೆಲಕಾಲ ಕಾಣಿಸಿಕೊಂಡಿದ್ದುವು. ಆಧಾರ್ ಸಂಖ್ಯೆಗಾಗಿ ಅದಾಗಲೇ ಕಣ್ಣು ಕೊಟ್ಟಿದ್ದ ಜನಕ್ಕೆ ಯಂತ್ರ ಹೊಸದಲ್ಲ, ಅದರ ಹಿಂದಿರುವ ಖಾಸಗಿ ಒಡೆತನ ಹೊಸದು.

ಸೋಲಾರ್‌ಕಾಯಿನ್ (2014) ಸೌರವಿದ್ಯುತ್ತನ್ನು ಉತ್ಪಾದಿಸುವವರಿಗೆ ಒಂದು ಮೆಗಾವ್ಯಾಟ್ ಗಂಟೆಗೆ, ಅಂದರೆ 1,000 ಯೂನಿಟ್ಟಿಗೆ, ಒಂದು ನಾಣ್ಯದಂತೆ ಕೊಡುತ್ತದೆ. ಇದರ ಬಲಾಬಲವನ್ನು ಲೆಕ್ಕದಿಂದಲೇ ಅಳೆಯಬಹುದು. ಬೆಂಗಳೂರಿನ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಫಲಕಗಳು ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ಕೊಡುವುದೆಂದಿಟ್ಟುಕೊಂಡರೆ, ಕೆಂಗೇರಿ ಉಪನಗರದ ಮನೆಯೊಂದರ ತಾರಸಿಯ ಮೇಲಣ 3 ಕಿಲೋವ್ಯಾಟ್ ಘಟಕವು ವರ್ಷಕ್ಕೆ 4,380 ಯೂನಿಟ್ ಉತ್ಪಾದಿಸಿ, ನಾಲ್ಕು ಸೋಲಾರ್‌ಕಾಯಿನ್ನುಗಳಿಗೆ ಅರ್ಹವಾಗುತ್ತದೆ. ಯೂನಿಟ್ಟಿಗೆ ಐದಾರು ರೂಪಾಯಿಯಂತೆ ಬೆಸ್ಕಾಂ ಬಿಲ್ಲಿನಲ್ಲಿ ಉಳಿಯುವುದು ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕು. ಬಹುಕಾಲ ಒಂದು ಡಾಲರನ್ನೂ ಮುಟ್ಟದ ನಾಣ್ಯಗಳು ನಾಲ್ಕಿದ್ದರೆ ಅದಕ್ಕೆ ಸೇರುವುದು ಏನೂ ಅಲ್ಲ. ತಾರಸಿಗೆ ಫಲಕ ಹಾಕಿಸುವ ನಿರ್ಧಾರವನ್ನು ಬಿಲ್ಲು ಮಾಡುತ್ತದೆಯೇ ಹೊರತು ನಾಣ್ಯ ಮಾಡುವುದಿಲ್ಲ.

ಬೆಂಗಳೂರಿನ ಸಂಬಂಧ

ಕರ್ನಾಟಕದಲ್ಲಿ ಈ ವ್ಯವಹಾರದ ಇತಿಹಾಸವು 2013ರಲ್ಲಿ ಸ್ಥಾಪಿತವಾದ ಯುನೋಕಾಯಿನ್ ಸಂಸ್ಥೆಯಿಂದ ತೊಡಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು ಏಪ್ರಿಲ್ 2018ರ ಸುತ್ತೋಲೆಯಿಂದ ಬ್ಯಾಂಕುಗಳ ಬಾಗಿಲನ್ನು ಮುಚ್ಚಿದಾಗ, ಗ್ರಾಹಕರು ನಗದನ್ನೇ ಕಟ್ಟಲೆಂದು ಆ ಸಂಸ್ಥೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಳೇ ವಿಮಾನನಿಲ್ದಾಣ ರಸ್ತೆಯ ಮಾಲೊಂದರಲ್ಲಿ ಯಂತ್ರವನ್ನು ಸ್ಥಾಪಿಸಿತು. ಕೇಂದ್ರ ಅಪರಾಧ ವಿಭಾಗದ ಪೊಲೀಸರು ಕೆಲವೇ ದಿನಗಳಲ್ಲಿ ಅದನ್ನು ವಶಪಡಿಸಿಕೊಂಡು ಸ್ಥಾಪಕರನ್ನು ಬಂಧಿಸಿದರು. ಕಾಯಿನ್‌ಸ್ವಿಚ್ ಬೆಂಗಳೂರಿನಲ್ಲಿ 2017ರಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ.

ಇವೆಲ್ಲ ಅನ್ಯರ ನಾಣ್ಯಗಳನ್ನು ಮಾರುವಂಥವು. ಬೆಂಗಳೂರಿನಲ್ಲಿ ಬೆಳೆದ ಸ್ವಂತ ನಾಣ್ಯವೆಂದರೆ ಮ್ಯಾಟಿಕ್. ಜಯಂತಿ ಕಾನಾನಿ, ಸಂದೀಪ್ ನೈಲ್‌ವಾಲ್, ಅನುರಾಗ್ ಅರ್ಜುನ್ ಎಂಬವರು 2017ರಲ್ಲಿ ಪ್ರಾರಂಭಿಸಿದ ಈ ಯೋಜನೆಯು ಈಥರಿಯಮ್ ಜಾಲದ ದಟ್ಟಣೆಯನ್ನೂ ದುಬಾರಿ ಶುಲ್ಕವನ್ನೂ ತಪ್ಪಿಸಲು ಅದರ ಪಕ್ಕದಲ್ಲಿ ಅಗ್ಗದ ಉಪಜಾಲವೊಂದನ್ನು ನಿರ್ಮಿಸಿತು. ಏಪ್ರಿಲ್ 2019ರಲ್ಲಿ ನಾಣ್ಯ ಮಾರಾಟಕ್ಕೆ ಬಂದಿತು. 2021ರಲ್ಲಿ ಯೋಜನೆಯ ಹೆಸರು ಪಾಲಿಗಾನ್ ಎಂದಾಯಿತು. ಸೆಪ್ಟೆಂಬರ್ 2024ರಿಂದ ಮ್ಯಾಟಿಕ್ ನಾಣ್ಯವು ಪೋಲ್ ಎಂಬ ನಾಣ್ಯವಾಗಿ ಮಾರ್ಪಡತೊಡಗಿತು. ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯ ಏಟಾಪಲ್ಲಿ ಉಪವಿಭಾಗದಲ್ಲಿ 2022ರಲ್ಲಿ ಸುಮಾರು 65,000 ಜಾತಿ ಪ್ರಮಾಣಪತ್ರಗಳನ್ನು ಈ ಜಾಲದ ಮೇಲೆ ದಾಖಲಿಸುವ ಕಾರ್ಯ ಕೈಗೊಳ್ಳಲ್ಪಟ್ಟಿತು.

ಕ್ರಿಪ್ಟೋ ನಾಣ್ಯಗಳೊಡನೆ ಡಿಜಿಟಲ್ ರೂಪಾಯಿಯನ್ನು ಸೇರಿಸಿ ಹೇಳುವುದುಂಟು, ಅದು ಸರಿಯಲ್ಲ. 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಪ್ರಾಯೋಗಿಕವಾಗಿ ಹೊರಬಂದ ಅದು ರಿಸರ್ವ್ ಬ್ಯಾಂಕಿನ ಹೊಣೆಯುಳ್ಳ ಹಣ. ಅದರ ಬೆಲೆ ಸದಾ ಒಂದು ರೂಪಾಯಿಯೇ.

ಕಾನೂನು, ತೆರಿಗೆ, ವಂಚನೆ

ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು, ಕ್ರಮವು ಅಪಾಯದ ಪ್ರಮಾಣವನ್ನು ಮೀರಿದುದೆಂಬ ಕಾರಣದಿಂದ ರದ್ದುಗೊಳಿಸಿತು. 2022ರ ಮುಂಗಡಪತ್ರವು ಈ ಆಸ್ತಿಗಳ ಲಾಭಕ್ಕೆ ಶೇಕಡ 30ರ ತೆರಿಗೆಯನ್ನೂ ವರ್ಗಾವಣೆಯ ಮೊತ್ತಕ್ಕೆ ಮೂಲದಲ್ಲಿಯೇ ಶೇಕಡ 1ರ ಕಡಿತವನ್ನೂ ವಿಧಿಸಿತು. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಿಕೊಳ್ಳಲು ಅವಕಾಶವಿಲ್ಲ. ಆದ್ದರಿಂದ ಒಂದು ನಾಣ್ಯದಲ್ಲಿ ಲಕ್ಷ ರೂಪಾಯಿ ಗಳಿಸಿ ಇನ್ನೊಂದರಲ್ಲಿ ಲಕ್ಷ ಕಳೆದುಕೊಂಡವನು, ಕೈಯಲ್ಲಿ ಏನೂ ಉಳಿಯದಿದ್ದರೂ 30,000 ರೂಪಾಯಿ ತೆರಿಗೆಯನ್ನೂ ಅದರ ಮೇಲಣ ಉಪಕರವನ್ನೂ ತೆರಬೇಕು. ತೆರಿಗೆಯನ್ನು ವಿಧಿಸಿದ ಮಾತ್ರಕ್ಕೆ ಈ ನಾಣ್ಯಗಳಿಗೆ ಚಲಾವಣಾ ನಾಣ್ಯದ ಮಾನ್ಯತೆ ದೊರೆತಂತಲ್ಲ.

ಅಲ್ಪಪ್ರಸಿದ್ಧಿಯೇ ವಂಚಕರಿಗೆ ಅನುಕೂಲವಾದ ಸಂದರ್ಭಗಳೂ ಹಲವು. 2014ರಲ್ಲಿ ಆರಂಭವಾದ ಒನ್‌ಕಾಯಿನ್‌ಗೆ ಬ್ಲಾಕ್‌ಚೈನೇ ಇರಲಿಲ್ಲ. ನಿತ್ಯಲಾಭದ ಭರವಸೆಯಿತ್ತ ಬಿಟ್‌ಕನೆಕ್ಟ್ ಜನವರಿ 2018ರಲ್ಲಿ ಬಾಗಿಲು ಮುಚ್ಚಿತು. ನೆರೆಯ ಕೇರಳದಲ್ಲಿ ಬಯಲಿಗೆ ಬಂದ ಮೋರಿಸ್ ಕಾಯಿನ್ ಪ್ರಕರಣದಲ್ಲಿ ಸುಮಾರು 1,200 ಕೋಟಿ ರೂಪಾಯಿ ಸಂಗ್ರಹವಾಗಿತ್ತೆಂಬುದು ಜಾರಿ ನಿರ್ದೇಶನಾಲಯದ ಆರೋಪ. ಇವುಗಳ ಸಮಾನಲಕ್ಷಣವೆಂದರೆ, ಹೊಸಬರನ್ನು ಕರೆತಂದವರಿಗೆ ಕೊಡುವ ದಲ್ಲಾಳಿ ಹಣ. ಚೀಟಿ ವ್ಯವಹಾರಕ್ಕಾದರೂ 1982ರ ಚಿಟ್ ಫಂಡ್ ಕಾಯಿದೆಯುಂಟು, ನೋಂದಣಿಯ ಅಧಿಕಾರಿಯುಂಟು. ವಿದೇಶದಲ್ಲೆಲ್ಲೋ ಕುಳಿತು ನಡೆಸುವ ನಾಣ್ಯದ ವಿಷಯದಲ್ಲಿ ಹಣ ಕಳೆದುಕೊಂಡವನು ಹೋಗಿ ತಟ್ಟಬಹುದಾದ ಬಾಗಿಲು ಸುಲಭವಾಗಿ ಸಿಕ್ಕುವುದಿಲ್ಲ.

ತೌಲನಿಕ ವಿವೇಚನೆ

ಮೇಲೆ ಹೇಳಿದ ನಾಣ್ಯಗಳನ್ನು ಒಟ್ಟಾಗಿ ನೋಡಿದರೆ ಅವು ಎರಡು ಪಂಗಡಗಳಾಗುತ್ತವೆ. ಕೆಲಸವು ಗಣಿತದೊಳಗೇ ಮುಗಿಯುವ ನೇಮ್‌ಕಾಯಿನ್, ಪ್ರೈಮ್‌ಕಾಯಿನ್, ಫೈಲ್‌ಕಾಯಿನ್, ಮೊನೆರೋ ಮುಂತಾದುವುಗಳಲ್ಲಿ ಲೆಕ್ಕಪುಸ್ತಕವು ತನಗೆ ತಾನೇ ಸಾಕ್ಷಿ. ಕೆಲಸವು ಹೊರಗೆ, ಬಿಸಿಲಿನಲ್ಲಿ, ತೈಲಬಾವಿಯಲ್ಲಿ, ಪ್ರಜೆಗಳ ಪಟ್ಟಿಯಲ್ಲಿ, ಮಳೆಮಾಪಕದಲ್ಲಿ ನಡೆಯುವ ಸೋಲಾರ್‌ಕಾಯಿನ್, ಪೆಟ್ರೋ, ಅರೋರಾಕಾಯಿನ್, ಚೈನ್‌ಲಿಂಕ್ ಮುಂತಾದುವು, ತಾವು ಅನಾವಶ್ಯಕವೆಂದು ಸಾರಿದ ಅಧಿಕಾರಿಯನ್ನೋ ಯಂತ್ರವನ್ನೋ ಬೇರೊಂದು ಹೆಸರಿನಿಂದ ಮತ್ತೆ ಕರೆತರಬೇಕಾಗುತ್ತದೆ. ಚೈನ್‌ಲಿಂಕ್ ಸಾಕ್ಷಿಗಳನ್ನು ಹೆಚ್ಚಿಸಿ ಈ ದೌರ್ಬಲ್ಯವನ್ನು ತಗ್ಗಿಸುತ್ತದೆಯಾದರೂ ನೀಗುವುದಿಲ್ಲ. ಮೊದಲನೆಯ ಪಂಗಡಕ್ಕೆ ಸೇರಿದ ಮಾತ್ರಕ್ಕೆ ಸಾಫಲ್ಯ ದೊರೆಯುವುದೆಂದೂ ಅಲ್ಲ: ಸಾಕ್ಷ್ಯದಲ್ಲಿ ನಿರ್ದುಷ್ಟವಾದ ನೇಮ್‌ಕಾಯಿನ್ ಬೇಡಿಕೆಯಿಲ್ಲದೆ ಸೊರಗಿತು. ವಿಶ್ವಾಸಾರ್ಹವಾದ ಪ್ರಮಾಣ, ನಾಣ್ಯದ ಬೆಲೆ ಏರುವುದೆಂಬ ಆಸೆಯಿಲ್ಲದೆಯೂ ಆ ಕೆಲಸವನ್ನು ಬೇಡುವ ಜನ, ಇವೆರಡೂ ಕೂಡಿದಲ್ಲಿ ಮಾತ್ರ ನಾಣ್ಯಕ್ಕೆ ಉದ್ದೇಶವಿದೆಯೆಂದು ಹೇಳಬಹುದು. ಪ್ರತಿದಿನ ಪ್ರಕಟವಾಗುವ ಬೆಲೆಯ ಪಟ್ಟಿಯಿಂದ ಈ ಎರಡರಲ್ಲಿ ಒಂದೂ ತಿಳಿಯುವುದಿಲ್ಲ. ಏಟಾಪಲ್ಲಿಯ ಪ್ರಮಾಣಪತ್ರವು ಈ ವಿದ್ಯೆಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ: ಬರೆದ ಬಳಿಕ ಅದನ್ನು ಯಾರೂ ತಿದ್ದಲಿಲ್ಲವೆಂಬುದಕ್ಕೆ ಬ್ಲಾಕ್‌ಚೈನ್ ಹೊಣೆ, ಬರೆದದ್ದು ಸತ್ಯವೆಂಬುದಕ್ಕೆ ಹೊಣೆ, ಮೊದಲಿನಂತೆಯೇ, ಸಹಿ ಹಾಕಿದ ಅಧಿಕಾರಿ.